ಒಂದು ಉಡಿಗೆ ಇಬ್ಬರು ತಾಯಂದಿರು

ಮೇಲ್ಗಟ್ಟಿ
ಸೆಪ್ಟೆಂಬರ್ ಮೂವತ್ತೊಂದು, ಇಸವಿ ಎರಡು ಸಾವಿರದ ಇನ್ನೂರ ಹದಿನೇಳು

ಸರ್ಕಾರಿ ನೌಕರರ ಆರೋಗ್ಯ ಯೋಜನೆಯ ಕರಡು ಬರೆಯುತ್ತಿರುವ ಅಧಿಕಾರಿಗಳಿಗೆ,

ತಾರೀಖು ನೋಡಿದ ಕೂಡಲೇ ಈ ಪತ್ರವನ್ನು ಬುಟ್ಟಿಗೆ ಹಾಕಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ನಿಮ್ಮ ಸೆಪ್ಟೆಂಬರಿಗೆ ಮೂವತ್ತೇ ದಿನ ಎಂಬುದು ನನಗೆ ಗೊತ್ತು. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಯಾರೋ ಬುದ್ಧಿವಂತರು ತಿಂಗಳುಗಳನ್ನು ಸರಿಮಾಡುತ್ತೇವೆಂದು ಹೊರಟು ಅಲ್ಲಿಷ್ಟು ಕಿತ್ತು ಇಲ್ಲಿಷ್ಟು ಅಂಟಿಸಿದರು. ಪಾಪದ ಫೆಬ್ರವರಿಗೆ ಆಗಲೂ ಏನೂ ಸಿಗಲಿಲ್ಲ. ನನ್ನ ಮಾತುಗಳು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ಇದನ್ನು ನಿಮಗೆ ತಿಳಿಯುವಂತೆ ತಿದ್ದಿಕೊಟ್ಟವರು ನಮ್ಮೂರ ಮಾಸ್ತರರು, ಅವರು ಹಳಗನ್ನಡ ಓದಿದವರು. ಹಳಗನ್ನಡ ಎಂದರೆ ಈಗ ನೀವು ಮನೆಯಲ್ಲಿ ಆಡುತ್ತಿರುವ ಕನ್ನಡ.

ನಿಮ್ಮ ಹೆಸರು ನಮಗೆ ತಿಳಿಯದು. ಮೂಲ ಆದೇಶದಲ್ಲಿ ಇಲಾಖೆಯ ಹೆಸರಿದ್ದ ಜಾಗವನ್ನು ಹುಳು ತಿಂದಿದೆ. ಉಳಿದಿರುವುದು ನಿಮ್ಮ ಸಹಿ ಮಾತ್ರ, ಅದನ್ನು ಓದಲು ಹೊರಟವರೆಲ್ಲ ಸೋತು ಕೈಬಿಟ್ಟಿದ್ದಾರೆ. ಸಹಿಯನ್ನು ಯಾರಿಗೂ ತಿಳಿಯದಂತೆ ಹಾಕುವುದು ನಿಮ್ಮ ಕಾಲದಲ್ಲಿ ದೊಡ್ಡವರ ಲಕ್ಷಣವಾಗಿತ್ತಂತೆ. ಇರಲಿ, ನೀವು ಗಂಡಸೋ ಹೆಂಗಸೋ, ಹಿರಿಯರೋ ಕಿರಿಯರೋ, ನಿಮಗೂ ಒಬ್ಬ ತಾಯಿ ಇದ್ದೇ ಇರುತ್ತಾಳೆಂದು ನಂಬಿ ಬರೆಯುತ್ತಿದ್ದೇನೆ.

ನನ್ನ ಹೆಸರು ಸಾವಂತ್ರವ್ವ. ನೆರಳು ಇಲಾಖೆಯಲ್ಲಿ ಹೊಲಿಗೆಯ ಕೆಲಸ. ಇಂಥ ಇಲಾಖೆ ನಿಮ್ಮಲ್ಲಿಲ್ಲ, ಏಕೆಂದರೆ ನಿಮ್ಮ ಬಿಸಿಲನ್ನು ಜನ ಇನ್ನೂ ಬೈದುಕೊಂಡಾದರೂ ತಡೆದುಕೊಳ್ಳುತ್ತಾರೆ. ನಮ್ಮಲ್ಲಿ ಶಿವರಾತ್ರಿ ಕಳೆಯಿತೆಂದರೆ ಬರಿ ಆಕಾಶದ ಕೆಳಗೆ ಮಧ್ಯಾಹ್ನ ಓಡಾಡುವಂತಿಲ್ಲ. ಅದಕ್ಕಾಗಿ ಪ್ರತಿ ಊರಿನ ಪ್ರತಿ ಓಣಿಗೂ ಈ ಮಾಳಿಗೆಯಿಂದ ಆ ಮಾಳಿಗೆಗೆ ದಪ್ಪನೆಯ ನೆರಳುಬಟ್ಟೆ ಕಟ್ಟಿರುತ್ತಾರೆ. ಗಾಳಿ ಅದನ್ನು ಹರಿಯುತ್ತದೆ, ಮಂಗಗಳು ಹರಿಯುತ್ತವೆ, ಗಾಳಿಪಟ ಸಿಕ್ಕಿತೆಂದು ಮಕ್ಕಳೂ ಹರಿಯುತ್ತವೆ, ನಾನು ಹೊಲಿಯುತ್ತೇನೆ. ಶಾಲೆಗಳು ಕೋಳಿ ಕೂಗುವ ಹೊತ್ತಿಗೆ ಶುರುವಾಗಿ ಬಿಸಿಲೇರುವುದರೊಳಗೆ ಮುಗಿಯುತ್ತವೆ. ಸಂತೆ, ಮದುವೆ, ಜಗಳ ಎಲ್ಲವೂ ಹೊತ್ತು ಮುಳುಗಿದ ಮೇಲೆ. ಜೋಳದ ರೊಟ್ಟಿ ಇನ್ನೂ ಇದೆ, ಎದುರಿಗೆ ಸಿಕ್ಕವರನ್ನು ಊಟವಾಯಿತೇ ಎಂದು ಕೇಳುವುದನ್ನೂ ನಾವು ಬಿಟ್ಟಿಲ್ಲ.

ನಿಮ್ಮ ಯೋಜನೆ ಮುಂದೆ ಏನಾಯಿತೆಂದು ಕೇಳಿದರೆ ನಿಮಗೆ ಸಂತೋಷವಾದೀತು. ಕೈಯಿಂದ ಕಾಸು ಬಿಚ್ಚದೆ ನೌಕರರಿಗೂ ಅವರ ಮನೆಯವರಿಗೂ ಚಿಕಿತ್ಸೆ ಸಿಗಲಿ ಎಂದು ನೀವು ಶುರುಮಾಡಿದ್ದು ಅಲ್ಲಿಗೇ ನಿಲ್ಲಲಿಲ್ಲ. ಮೊದಲು ನಿವೃತ್ತರು ಸೇರಿದರು, ಆಮೇಲೆ ಗುತ್ತಿಗೆಯವರು, ಬಿಸಿಯೂಟ ಮಾಡುವವರು, ಕಸ ಗುಡಿಸುವವರು. ಹೀಗೆ ಒಬ್ಬರ ಹಿಂದೆ ಒಬ್ಬರು ಬಾಗಿಲು ಬಡಿಯುತ್ತ ಬಡಿಯುತ್ತ ಕೊನೆಗೆ ದುಡಿಯುವ ಕೈಗಳೆಲ್ಲ ಒಳಗೆ ಬಂದವು. ಈಗ ನಮ್ಮ ಆರೈಕೆಮನೆಗಳಲ್ಲಿ, ಅಂದರೆ ನಿಮ್ಮ ಆಸ್ಪತ್ರೆಗಳಲ್ಲಿ, ಹಣ ಕಟ್ಟುವ ಕಿಟಕಿಯೇ ಇಲ್ಲ. ಆ ಕಿಟಕಿ ಇದ್ದ ಜಾಗದಲ್ಲಿ ನಮ್ಮೂರಲ್ಲಿ ಕುಡಿಯುವ ನೀರಿನ ಕೊಡಗಳನ್ನಿಟ್ಟಿದ್ದಾರೆ. ಹಿಂದಿನ ಕಾಲದಲ್ಲಿ ಹೆಣ ಬಿಡಿಸಿಕೊಳ್ಳಲು ಬಳೆ ಒತ್ತೆಯಿಡುತ್ತಿದ್ದರು ಎಂದು ಮಾಸ್ತರರು ಹೇಳಿದರೆ ಮಕ್ಕಳು ಕಟ್ಟುಕಥೆ ಎಂದು ನಗುತ್ತವೆ. ಆ ನಗುವಿಗಾಗಿ ನಿಮಗೆ ನಮಸ್ಕಾರ ಹೇಳಬೇಕು, ಹೇಳುತ್ತೇನೆ.

ಆದರೆ ಒಂದು ತೊಡಕಿದೆ. ಹಣ ಕಟ್ಟುವ ಕಿಟಕಿ ಹೋದ ಮೇಲೆ ಉಳಿದಿರುವುದು ಹೆಸರು ಒಂದೇ. ದುಡಿಯುವ ಪ್ರತಿಯೊಬ್ಬರಿಗೂ ನಮ್ಮಲ್ಲಿ ಒಂದು ಉಡಿ ಇದೆ. ನೀವು ಅವಲಂಬಿತರ ಪಟ್ಟಿ ಎನ್ನುವುದನ್ನು ನಾವು ಉಡಿ ಎನ್ನುತ್ತೇವೆ. ಗಂಡ, ಹೆಂಡತಿ, ಮಕ್ಕಳು, ದುಡಿದು ದಣಿದ ಹಿರಿಯರು, ಎಲ್ಲರೂ ಒಬ್ಬರಲ್ಲ ಒಬ್ಬರ ಉಡಿಯಲ್ಲಿರಬೇಕು. ಯಾರೂ ಇಲ್ಲದವರಿಗೆ ಊರ ಉಡಿ ಇದೆ, ಆದರೆ ಕೆಲಸದಲ್ಲಿರುವ ಮಗಳೋ ಸೊಸೆಯೋ ಇದ್ದರೆ ಆ ಹಿರಿಯರಿಗೆ ಅಲ್ಲಿ ಜಾಗವಿಲ್ಲ. ಉಡಿಯಲ್ಲಿ ಹೆಸರಿಲ್ಲದಿದ್ದರೆ ನಿಮ್ಮ ಕಾಲದಲ್ಲಿ ಸಾಲ ಸೋಲ ಮಾಡಿ ಕಟ್ಟಬಹುದಿತ್ತು. ನಮ್ಮಲ್ಲಿ ಕಟ್ಟುತ್ತೇನೆಂದರೂ ಕಟ್ಟಿಸಿಕೊಳ್ಳುವವರಿಲ್ಲ.

ಇನ್ನು ನಿಮ್ಮ ಆ ಒಂದು ಸಾಲಿನ ವಿಷಯ. ನೌಕರಿಯಲ್ಲಿರುವ ಮದುವೆಯಾದ ಹೆಣ್ಣು ತನ್ನ ತಂದೆತಾಯಿಯನ್ನು ಸೇರಿಸಿದರೆ ಅತ್ತೆಮಾವನನ್ನು ಸೇರಿಸುವಂತಿಲ್ಲ, ಅತ್ತೆಮಾವನನ್ನು ಸೇರಿಸಿದರೆ ತಂದೆತಾಯಿಯನ್ನು ಸೇರಿಸುವಂತಿಲ್ಲ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳತಕ್ಕದ್ದು ಎಂದು ಬರೆದಿದ್ದೀರಿ. ಗಂಡಸರಿಗೆ ಈ ಪ್ರಶ್ನೆಯನ್ನು ನೀವೂ ಕೇಳಲಿಲ್ಲ, ನಿಮ್ಮ ನಂತರದವರೂ ಕೇಳಿಲ್ಲ. ಬಹುಶಃ ಖರ್ಚಿಗೊಂದು ಮಿತಿ ಇರಲಿ ಎಂದು ಬರೆದಿರಬಹುದು. ಖರ್ಚಿನ ಮಾತು ಹೋಗಿ ಎಷ್ಟೋ ಕಾಲವಾಯಿತು, ಸಾಲು ಹೋಗಲಿಲ್ಲ. ಪ್ರತಿ ಹೊಸ ಆದೇಶ ಬರೆಯುವವರೂ ಹಳೆಯದನ್ನು ಎದುರಿಗಿಟ್ಟುಕೊಂಡೇ ಬರೆದರು, ಹಾಗೆ ಅದು ನಮ್ಮ ತನಕ ನಡೆದುಬಂತು.

ನಡೆದುಬರುತ್ತ ಅದು ಶಾಸ್ತ್ರವೂ ಆಯಿತು. ನಮ್ಮಲ್ಲಿ ತಾಳಿ ಕಟ್ಟಿದ ಮೇಲೆ ಮದುಮಗಳನ್ನು ನಡುವೆ ಕೂರಿಸಿ ಅವಳ ಎಡಕ್ಕೆ ಹೆತ್ತವ್ವನನ್ನೂ ಬಲಕ್ಕೆ ಅತ್ತೆಯನ್ನೂ ಕೂರಿಸುತ್ತಾರೆ. ಮದುಮಗಳು ಕುಬಸದ ಕಣದ ಬಟ್ಟೆ, ಕೊಬ್ಬರಿ ಬಟ್ಟಲು, ಅಕ್ಕಿ, ಎಲೆ ಅಡಿಕೆ ಹಿಡಿದುಕೊಂಡು ಇಬ್ಬರಲ್ಲಿ ಒಬ್ಬರ ಉಡಿ ತುಂಬಬೇಕು. ಯಾರ ಉಡಿ ತುಂಬುತ್ತಾಳೋ ಆ ಮನೆಯ ಹಿರಿಯರು ಅವಳ ಉಡಿಗೆ ಸೇರಿದಂತೆ. ಇನ್ನೊಬ್ಬಳು ಖಾಲಿ ಸೆರಗು ಕೊಡವಿ ಎದ್ದು ಹೋಗಬೇಕು, ಅದೂ ಊರೆಲ್ಲ ನೋಡುತ್ತಿರುವಾಗ. ನಮ್ಮ ನಾಡಿನ ಬೀಗತಿಯರು ಒಬ್ಬರ ಮುಖ ಒಬ್ಬರು ನೋಡದಿರುವುದಕ್ಕೆ ಜಾತಕ ಕಾರಣವಲ್ಲ, ಹೀಗೆ ಕೂರಿಸಿ ಏಳಿಸುವ ಈ ಶಾಸ್ತ್ರವೇ ಕಾರಣ.

ನಾನು ನನ್ನ ಅವ್ವ ನಿಂಬವ್ವನ ಉಡಿ ತುಂಬಿದೆ. ಅವಳಿಗೆ ನಾನೊಬ್ಬಳೇ ಮಗಳು, ಬೇರೆ ದಾರಿ ಇರಲಿಲ್ಲ. ಅತ್ತೆ ಕಾಶವ್ವ ಹೇಗೂ ಮಗನ ಉಡಿಯಲ್ಲಿದ್ದಳು, ಅವಳಿಗೆ ನಷ್ಟವೇನೂ ಆಗಲಿಲ್ಲ. ಆದರೂ ಸೆರಗು ಕೊಡವಿ ಎದ್ದವಳು ಅದನ್ನು ಮರೆಯಲಿಲ್ಲ. ಇಬ್ಬರ ಮನೆಗಳೂ ಒಂದೇ ಓಣಿಯಲ್ಲಿ, ಒಂದೇ ನೆರಳುಬಟ್ಟೆಯ ಕೆಳಗೆ. ಅವ್ವ ರೊಟ್ಟಿ ತಟ್ಟುವ ಸದ್ದು ಕೇಳಿದರೆ ಅತ್ತೆ, "ಅದೇನ್ ರೊಟ್ಟಿನೋ ಚಪ್ಪಡಿನೋ" ಎನ್ನುವಳು. ಅತ್ತೆ ಕಟ್ಟೆಯ ಮೇಲೆ ಕೂತರೆ ಅವ್ವ ಒಳಗಿನಿಂದಲೇ, "ಬಂದ್ಲಪಾ ಓಣಿ ಕಾಯಾಕಿ" ಎನ್ನುವಳು. ನನ್ನ ಗಂಡ ಯಂಕಪ್ಪ ಇಬ್ಬರ ನಡುವೆ ಬೆಲ್ಲ ಹಂಚಿಕೊಂಡು ತಿರುಗುತ್ತಿದ್ದ. ಅವನೂ ನೆರಳು ಇಲಾಖೆಯವನೇ, ಕಂಬ ಹತ್ತಿ ಬಟ್ಟೆ ಬಿಗಿಯುವವನು. ನಮಗೆ ಮಕ್ಕಳಾಗಲಿಲ್ಲ, ಅದಕ್ಕೆ ಅವನು ಈ ಇಬ್ಬರು ಮುದುಕಿಯರನ್ನೇ ನಮ್ಮ ಮಕ್ಕಳು ಎಂದು ಗೇಲಿ ಮಾಡುತ್ತಿದ್ದ.

ಹೋದ ವರ್ಷದ ಮಾಗಿಯಲ್ಲಿ ಯಂಕಪ್ಪ ಕಂಬದಿಂದ ಬಿದ್ದು ತೀರಿಕೊಂಡ. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಅವನ ಜೊತೆಗೆ ಅವನ ಉಡಿಯೂ ಹೋಯಿತು. ಮಗನನ್ನು ಕಳೆದುಕೊಂಡ ಮುದುಕಿ ಅದೇ ದಿನ ಆರೈಕೆಮನೆಯ ಬಾಗಿಲನ್ನೂ ಕಳೆದುಕೊಂಡಳು. ಸೊಸೆಯಾದ ನಾನು ಕೆಲಸದಲ್ಲಿದ್ದೇನೆ, ಆದ್ದರಿಂದ ಅವಳಿಗೆ ಊರ ಉಡಿಯೂ ಸಿಗಲಿಲ್ಲ. ಕೆಲವೇ ದಿನಗಳಲ್ಲಿ ಅವಳಿಗೆ ನಾಲ್ಕು ಹೆಜ್ಜೆ ಹಾಕಿದರೆ ಏದುಸಿರು ಬರತೊಡಗಿತು. ಹೃದಯದ ಒಂದು ಕವಾಟ ಸವೆದಿದೆ, ಬದಲಿಸಿದರೆ ಇನ್ನೂ ಬಹಳ ವರ್ಷ ಬಾಳುತ್ತಾಳೆ, ಬದಲಿಸದಿದ್ದರೆ ಮಳೆಗಾಲ ನೋಡುವುದಿಲ್ಲ ಎಂದು, ಹೆಸರಿಲ್ಲದಿದ್ದರೂ ಪರೀಕ್ಷಿಸಿ ನೋಡಿದ ಆರೈಕೆಮನೆಯ ಡಾಕ್ಟರ್ ಶಮೀಮಾ ಹೇಳಿದರು. ಉಡಿ ಬದಲಾಯಿಸಲು ವರ್ಷಕ್ಕೊಮ್ಮೆ, ಯುಗಾದಿಯ ವಾರದಲ್ಲಿ ಮಾತ್ರ ಅವಕಾಶ. ಯುಗಾದಿ ಹತ್ತಿರವಿತ್ತು. ಅತ್ತೆಯನ್ನು ಸೇರಿಸಬೇಕೆಂದರೆ ಅವ್ವನನ್ನು ತೆಗೆಯಬೇಕಿತ್ತು. ನಾನು ಅನ್ನ ನೀರು ಬಿಟ್ಟು ಕೂತೆ.

ಅವ್ವನೇ ಮಾತು ತೆಗೆದಳು. "ನನ್ನ ತಗದು ಆಕಿನ್ನ ಹಾಕು. ನಾ ಗುಂಡಕಲ್ಲ ಇದ್ದಂಗ ಅದೀನಿ, ನನಗ ಏನಾಗ್ತೈತಿ?" ಅಂದಳು. ಅತ್ತೆಗೆ ಹೇಳಿದರೆ ಅವಳು ಏದುಸಿರು ಬಿಡುತ್ತಲೇ ಕಿಡಿಕಿಡಿಯಾದಳು. "ಬೀಗತಿ ಹೆಸರ ಅಳಸಿ ನಾ ಜೀವಾ ಉಳಿಸ್ಕೊಬೇಕೇನು? ನನಗ ಬ್ಯಾಡ ಆ ಭಿಕ್ಷಾ" ಎಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಮರುದಿನ ಬೆಳಿಗ್ಗೆ ಅವ್ವ ತಲೆಗೆ ನೀರು ಹಾಕಿಕೊಂಡು, ಇದ್ದುದರಲ್ಲಿ ಒಳ್ಳೆಯ ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಕುಬಸದ ಕಣ ಕೊಬ್ಬರಿ ಹಿಡಿದು, ನನ್ನ ಮದುವೆಯಾದಂದಿನಿಂದ ತುಳಿಯದಿದ್ದ ಬೀಗತಿಯ ಹೊಸಿಲು ದಾಟಿದಳು. ಗಂಡ ಇರಲಿ ಇಲ್ಲದಿರಲಿ, ನಮ್ಮ ಕಾಲದಲ್ಲಿ ಎಲ್ಲ ಹೆಂಗಸರಿಗೂ ಉಡಿ ತುಂಬುತ್ತಾರೆ, ಅಷ್ಟು ಮಟ್ಟಿಗೆ ನಾವು ಸುಧಾರಿಸಿದ್ದೇವೆ. ಅವ್ವ ಹಾಸಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, "ಅವತ್ತ ಆ ಹುಡುಗಿ ತುಂಬಬೇಕಾಗಿತ್ತು, ತುಂಬಲಿಲ್ಲ. ಈಗ ನಾ ತುಂಬತೀನಿ, ಸೆರಗ ಒಡ್ಡು" ಅಂದಳು. ಅತ್ತೆ ಗೋಡೆಯಿಂದ ಇತ್ತ ಹೊರಳಿದಳು. ಆಮೇಲೆ ಎದ್ದು ಕೂತು ಸೆರಗು ಒಡ್ಡಿದಳು. ಇಬ್ಬರೂ ಅತ್ತರು. ಬಾಗಿಲಲ್ಲಿ ನಿಂತಿದ್ದ ನನಗೂ ಅಳು ಬಂತು. ಆ ಯುಗಾದಿಯ ವಾರದಲ್ಲೇ ನನ್ನ ಉಡಿಯಿಂದ ಅವ್ವನ ಹೆಸರು ತೆಗೆಸಿ ಅತ್ತೆಯದು ಬರೆಸಿದೆ.

ಚಿಕಿತ್ಸೆಯ ಬಗ್ಗೆ ದೂರಲು ನನ್ನಲ್ಲಿ ಏನೂ ಇಲ್ಲ, ಅದನ್ನು ನೀವು ತಿಳಿಯಬೇಕು. ಆರೈಕೆಮನೆಯವರೇ ಬಂಡಿ ಕಳಿಸಿ ಕರೆದುಕೊಂಡು ಹೋದರು. ಅತ್ತೆ ಹಲ್ಲಿಲ್ಲದವಳೆಂದು ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಕೊಟ್ಟರು. ಶಸ್ತ್ರಚಿಕಿತ್ಸೆಯ ಕೋಣೆಗೆ ಹೋಗುವ ಮುಂಚೆ ಕೈ ಹಿಡಿದು ಕೂರಲು ಒಬ್ಬಳು ಹುಡುಗಿಯನ್ನು ನೇಮಿಸಿದ್ದರು, ಅವಳ ಕೆಲಸವೇ ಅದು. ಮನೆಗೆ ಬಂದ ಮೇಲೂ ದಿನಾ ಬಂದು ಉಸಿರು ಕೇಳಿ ಹೋದರು. ಯಾರೂ ಒಂದು ಪೈಸೆಯ ಮಾತೆತ್ತಲಿಲ್ಲ. ಮಳೆ ಶುರುವಾಗುವ ಹೊತ್ತಿಗೆ ಅತ್ತೆ ಕಟ್ಟೆಯ ಮೇಲೆ ಕೂತು ಮೊದಲಿನಂತೆ ಓಣಿ ಕಾಯುತ್ತಿದ್ದಳು. ಈಗ ಅವಳ ಪಕ್ಕದಲ್ಲಿ ಅವ್ವನೂ ಕೂರುತ್ತಿದ್ದಳು, ಇಬ್ಬರೂ ಸೇರಿ ಹೋಗುವ ಬರುವವರನ್ನು ಆಡಿಕೊಳ್ಳುತ್ತಿದ್ದರು.

ಶ್ರಾವಣ ಕಳೆದ ಮೇಲೆ ಒಂದು ದಿನ ನಾನು ಹೊಲಿಗೆ ಮುಗಿಸಿ ಬರುವಾಗ ಅತ್ತೆ ಓಣಿಯ ತುದಿಯಲ್ಲೇ ನನ್ನನ್ನು ತಡೆದಳು. "ನಿಮ್ಮವ್ವ ಉಣ್ಣಾಕತ್ತಿಲ್ಲ. ರೊಟ್ಟಿ ಮುರದು ಆಡಿಗೆ ಹಾಕ್ತಾಳ, ನಾ ನೋಡೇನಿ. ಕುಂತಾಗ ಹೊಟ್ಟಿ ಹಿಡ್ಕೊಂಡಿರ್ತಾಳ" ಅಂದಳು. ನಾನು ಅವ್ವನನ್ನು ಕೇಳಿದರೆ ವಾಯು ಅಂದಳು, ಉಷ್ಣ ಅಂದಳು, ಕೊನೆಗೆ ನನಗೇ ಬೈದಳು. ಅವಳನ್ನು ಜಗ್ಗಿಕೊಂಡು ಡಾಕ್ಟರ್ ಹತ್ತಿರ ಹೋದೆ. ಪರೀಕ್ಷಿಸಿ ನೋಡುವುದಕ್ಕಷ್ಟೇ ಉಡಿಯಲ್ಲಿ ಹೆಸರಿರಬೇಕಿಲ್ಲ, ನೋಡಿದರು. ಕರುಳಿನಲ್ಲಿ ಗಡ್ಡೆ ಇದೆ. ದೀಪಾವಳಿಯೊಳಗೆ ತೆಗೆದರೆ ಪೂರ್ತಿ ಗುಣವಾಗುತ್ತದೆ, ಯುಗಾದಿಯ ತನಕ ಬಿಟ್ಟರೆ ಹರಡುತ್ತದೆ. ಅವಳಿಗೆ ನೋವು ಬಹಳ ದಿನದಿಂದ ಇತ್ತಂತೆ. ಯುಗಾದಿ ಬರುವ ತನಕ ಹೆಸರಿಲ್ಲವೆಂದು ಗೊತ್ತಿದ್ದುದರಿಂದ, ಮಗಳಿಗೆ ಯಾಕೆ ಸಂಕಟ ಎಂದು ಬಾಯಿ ಬಿಟ್ಟಿರಲಿಲ್ಲ.

ಡಾಕ್ಟರ್ ಶಮೀಮಾ ಕೆಟ್ಟವರಲ್ಲ. ಜೀವ ಹೋಗುತ್ತಿರುವವರನ್ನು ಹೆಸರು ಕೇಳದೆ ಒಳಗೆ ತೆಗೆದುಕೊಳ್ಳುವ ಅಧಿಕಾರ ಅವರಿಗಿದೆ. "ಇನ್ನೂ ಜೋರ್ ಆದ್ರ ನಾನ ತಗೊಂಡುಬಿಡ್ತೀನಿ ತಾಯಿ, ಯಾರನ್ನೂ ಕೇಳೂದಿಲ್ಲ. ಆದ್ರ ಅಷ್ಟ ಜೋರ್ ಆದ ಮ್ಯಾಲ ನನ್ನ ಕೈಯಾಗ ಏನೂ ಇರೂದಿಲ್ಲ" ಎಂದು ಹೇಳುವಾಗ ಅವರ ಕಣ್ಣಲ್ಲೂ ನೀರಿತ್ತು. ಅವ್ವನಿಗೆ ಬಾಗಿಲು ತೆರೆಯಬೇಕೆಂದರೆ ಅವಳು ಸಾವಿಗೆ ಹತ್ತಿರವಾಗಬೇಕು. ಇಂಥ ದಯೆಯನ್ನು ಇಟ್ಟುಕೊಂಡು ನಾನೇನು ಮಾಡಲಿ, ನೀವೇ ಹೇಳಿ.

ಅತ್ತೆ ನನಗೆ ಹೇಳದೆ ಒಬ್ಬಳೇ ಕಚೇರಿಗೆ ಹೋಗಿ, ತನ್ನ ಹೆಸರು ಕಿತ್ತು ಬೀಗತಿಯದು ಬರೆಯಿರಿ ಎಂದು ಜಗಳ ಮಾಡಿ ಬಂದಳು. ಯುಗಾದಿ ಬರಲಿ ಅಂದರು. ಹೊಸ ಕವಾಟ ವಾಪಸು ಕೊಡುತ್ತೇನೆ ಎಂದೂ ಹೇಳಿದಳಂತೆ, ಅಲ್ಲಿದ್ದವರು ನಗಲಿಲ್ಲವೆಂಬುದೇ ಅವರ ದೊಡ್ಡತನ. ಎರಡೂ ಕಡೆಯ ಹಿರಿಯರನ್ನು ಸೇರಿಸಿಕೊಡಿ ಎಂದು ನಾನು ಮೇಲಿನವರಿಗೆ ಬರೆದೆ. ಮನವಿ ನ್ಯಾಯವಾಗಿದೆ, ಆದರೆ ಆ ಸಾಲನ್ನು ಬದಲಿಸುವ ಅಧಿಕಾರ ಅದನ್ನು ಹೊರಡಿಸಿದವರಿಗೆ ಮಾತ್ರ ಇದೆ, ಅವರನ್ನೇ ಸಂಪರ್ಕಿಸತಕ್ಕದ್ದು ಎಂದು ಉತ್ತರ ಬಂತು. ಹೊರಡಿಸಿದವರು ನೀವು. ನೀವು ತೀರಿಕೊಂಡು ಎಷ್ಟೋ ತಲೆಮಾರುಗಳಾದವು, ಹೀಗೆ ಹೇಳುತ್ತಿರುವುದಕ್ಕೆ ಕ್ಷಮೆ ಇರಲಿ.

ಇಂಥ ತೊಡಕುಗಳಿಗೆಂದೇ ನಮ್ಮಲ್ಲಿ ಹಿಂದಂಚೆ ಎಂಬ ಕಚೇರಿ ಇದೆ. ಅದು ಹಿಂದಿನವರಿಗೆ ಪತ್ರ ತಲುಪಿಸುತ್ತದೆ. ಹೇಗೆಂದು ನನ್ನನ್ನು ಕೇಳಬೇಡಿ, ನನಗೆ ಸೂಜಿ ದಾರದಾಚೆ ಏನೂ ತಿಳಿಯದು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ಅಲ್ಲಿನ ಗುಮಾಸ್ತ ಲಕ್ಕಪ್ಪ ನನಗೆ ಎಲ್ಲವನ್ನೂ ಬಿಡಿಸಿ ಹೇಳಿದ. ನೀವು ಒಪ್ಪಿದರೆ ಉತ್ತರವೇನೂ ಬರುವುದಿಲ್ಲವಂತೆ. ಮೊದಲಿನಿಂದಲೂ ನಿಯಮ ಹಾಗೆಯೇ ಇತ್ತು ಎಂಬಂತೆ ಎಲ್ಲವೂ ಬದಲಾಗಿಬಿಡುತ್ತದಂತೆ, ನಮ್ಮ ನೆನಪೂ ಕೂಡ. ಹಾಗಾದರೆ ಇಲ್ಲಿಯ ತನಕ ಯಾರ ಪತ್ರವಾದರೂ ಫಲಿಸಿದೆಯೇ ಎಂದು ಕೇಳಿದೆ. "ಫಲಿಸಿದ್ದು ಯಾರಿಗೆ ನೆನಪಿರ್ತೈತಿ ಅಕ್ಕಾ? ನಾ ದಿನಾ ಕಳಸ್ತೀನಿ, ಅಷ್ಟ ನನಗ ಗೊತ್ತು" ಅಂದ.

ಅಂದರೆ, ನೀವು ಆ ಸಾಲನ್ನು ಬರೆಯದೆ ಬಿಟ್ಟರೆ ನನ್ನ ಮದುವೆಯಲ್ಲಿ ನಾನು ಇಬ್ಬರ ಉಡಿಯನ್ನೂ ತುಂಬಿರುತ್ತೇನೆ. ಅಥವಾ ಆ ಶಾಸ್ತ್ರವೇ ಹುಟ್ಟಿರುವುದಿಲ್ಲ. ಯಂಕಪ್ಪ ಹೋದ ಮೇಲೂ ಅತ್ತೆ ನನ್ನ ಉಡಿಯಲ್ಲಿರುತ್ತಾಳೆ, ಅವ್ವನೂ ಇರುತ್ತಾಳೆ. ಅವ್ವ ಮೊದಲ ನೋವಿಗೇ ಬಾಯಿ ಬಿಡುತ್ತಾಳೆ. ಅದರ ಜೊತೆಗೆ ಇನ್ನೊಂದೂ ಆಗುತ್ತದೆ. ಇಳಕಲ್ ಸೀರೆ ಉಟ್ಟು ಅವ್ವ ಹೊಸಿಲು ದಾಟಿದ ಆ ಬೆಳಗು ಇಲ್ಲವಾಗುತ್ತದೆ. ಅತ್ತೆ ಸೆರಗೊಡ್ಡಿದ್ದು, ನನಗಾಗಿ ಅವಳು ಓಣಿಯ ತುದಿಯಲ್ಲಿ ಕಾದು ನಿಂತದ್ದು, ಕಟ್ಟೆಯ ಮೇಲೆ ಇಬ್ಬರೂ ಸೇರಿ ನಕ್ಕದ್ದು, ಇವು ಯಾವುವೂ ನಡೆದಿರುವುದಿಲ್ಲ. ಗಂಡ ಸತ್ತ ವರ್ಷದಲ್ಲಿ ನನಗೆ ಸಿಕ್ಕ ಸುಖ ಅಷ್ಟೇ ಆಗಿತ್ತು, ಅದನ್ನು ಬಿಟ್ಟುಕೊಡಲು ಮನಸ್ಸು ಒಪ್ಪುವುದಿಲ್ಲ. ಆದರೂ ಕೇಳುತ್ತಿದ್ದೇನೆ, ಆ ಸಾಲನ್ನು ಬರೆಯಬೇಡಿ. ಹೆಣ್ಣುಮಗಳೊಬ್ಬಳು ಎರಡೂ ಮನೆಯ ಹಿರಿಯರ ಹೆಸರನ್ನು ಹೇಳಿದರೆ ಎರಡನ್ನೂ ಬರೆದುಕೊಳ್ಳಿ. ನಿಮಗೆ ಅದು ಅರ್ಧ ಗಳಿಗೆಯ ಕೆಲಸ. ದೀಪಾವಳಿಗೆ ಇನ್ನು ಹೆಚ್ಚು ದಿನವಿಲ್ಲ. ನನ್ನ ಅವ್ವ ಒಳಗಿನ ಕೋಣೆಯಲ್ಲಿ ನಿದ್ದೆ ಬಂದವಳಂತೆ ಮಲಗಿದ್ದಾಳೆ, ನಿದ್ದೆ ಬಂದಿಲ್ಲವೆಂದು ನನಗೆ ಗೊತ್ತು.

ಪತ್ರ ಕಳಿಸುವ ಮುಂಚೆ, ಮರೆತುಹೋಗುವವರನ್ನು ಒಂದು ಮಾತು ಕೇಳುವುದು ಧರ್ಮ ಎನಿಸಿ ಅತ್ತೆಗೆ ಎಲ್ಲವನ್ನೂ ಓದಿ ಹೇಳಿದೆ. ಇದೆಲ್ಲ ತನಗೂ ಮರೆತುಹೋಗುತ್ತದೇನು ಎಂದು ಒಮ್ಮೆ ಕೇಳಿದಳು, ಹೌದು ಅಂದೆ. ಎದೆಯ ಮೇಲಿನ ಗಾಯದ ಗುರುತನ್ನು ಸೆರಗಿನ ಮೇಲಿಂದಲೇ ಸವರಿಕೊಂಡಳು. ಆಮೇಲೆ ಹೇಳಿದಳು.

"ಕಳಸು. ಆಕಿ ಉಳೀಲಿ. ಮರತ್ರ ಮರೀಲಿ, ದಿನಾ ಬೈದಾಡಕೊಂತ ಇರ್ತೀವಿ."

ನಿಮ್ಮ ಕೈಯಲ್ಲಿದೆ.

ಇತಿ,
ಸಾವಂತ್ರವ್ವ
ನೆರಳು ಇಲಾಖೆ, ಮೇಲ್ಗಟ್ಟಿ